ಬಲೂನೂ ನಿಜ, ಉಪಗ್ರಹವೂ ನಿಜ

"ಸ್ಯಾಟಲೈಟ್ ಅಂತ ಏನೂ ಇಲ್ರಿ ಸರ್, ಎಲ್ಲಾ ದೊಡ್ಡ ಬಲೂನೇ ಅವ. ಹೊಲದಾಗ ಬಿದ್ದದ್ದು ನೀವೇ ಸುದ್ದಿ ಮಾಡೀರಲ್ಲ?" ಬೀದರ್ ಕಡೆಯ ಚಹಾದಂಗಡಿಯಲ್ಲಿ ಕಾಲೇಜು ಹುಡುಗನೊಬ್ಬ ಕೇಳಿದ. ಸುತ್ತ ಕುಳಿತವರು ನಕ್ಕರು. ನನಗೆ ನಗು ಬರಲಿಲ್ಲ. ಅವನು ಕಣ್ಣಾರೆ ಕಂಡದ್ದನ್ನೇ ಹಿಡಿದು ಕೇಳುತ್ತಿದ್ದ.

ಹೊಲಕ್ಕೆ ಬೀಳುವ ಬಲೂನ್ ಸುಳ್ಳಲ್ಲ. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರ ಉಪಕರಣ ಕಟ್ಟಿ ಅವನ್ನು ಹಾರಿಬಿಡುತ್ತದೆ. 30-40 ಕಿ.ಮೀ. ಎತ್ತರದಲ್ಲಿ ಕೆಲಸ ಮುಗಿಸಿ, ಪೆಟ್ಟಿಗೆ ಪ್ಯಾರಾಚೂಟ್‌ನಲ್ಲಿ ಇಳಿಯುತ್ತದೆ. ಗಾಳಿ ಇತ್ತ ಬೀಸಿದರೆ ನಮ್ಮ ಭಾಗದಲ್ಲೇ ಬೀಳುತ್ತದೆ. ಅಂಥದ್ದು ಕಂಡರೆ ಬಿಚ್ಚಬೇಡಿ, ಪೊಲೀಸರಿಗೆ ತಿಳಿಸಿ.

ಇನ್ನೊಂದು ಮಾತೂ ಇದೆ. 1960ರಲ್ಲಿ ಅಮೆರಿಕ ಕಕ್ಷೆಗೆ ಸೇರಿಸಿದ ಎಕೋ-1 ನಿಜಕ್ಕೂ ಬಲೂನೇ, 30 ಮೀಟರ್ ಅಗಲದ್ದು. ಆದರೆ ಅದು ತೇಲುತ್ತಾ ಮೇಲೆ ಹೋದದ್ದಲ್ಲ. ಮಡಚಿಟ್ಟು ರಾಕೆಟ್‌ನಲ್ಲಿ ಒಯ್ದು, ಅಲ್ಲಿ ಉಬ್ಬಿಸಿದ್ದು.

ಬಲೂನ್ ತೇಲಲು ಸುತ್ತ ಗಾಳಿ ಬೇಕು, ಕಟ್ಟಿಗೆ ತೇಲಲು ನೀರು ಬೇಕಾದ ಹಾಗೆ. 400 ಕಿ.ಮೀ. ಮೇಲೆ ಹೊರುವಷ್ಟು ಗಾಳಿಯೇ ಇಲ್ಲ. ಅಲ್ಲಿ ವಸ್ತುವನ್ನು ಉಳಿಸುವುದು ವೇಗ. ಬಾಹ್ಯಾಕಾಶ ನಿಲ್ದಾಣ ಗಂಟೆಗೆ ಸುಮಾರು 28,000 ಕಿ.ಮೀ. ಓಡುತ್ತದೆ. ಅದು ಭೂಮಿಯತ್ತ ಬೀಳುತ್ತಲೇ ಇರುತ್ತದೆ, ಆದರೆ ಅಷ್ಟರಲ್ಲಿ ದುಂಡಗಿನ ಭೂಮಿ ಕೆಳಗೆ ಬಾಗಿ ಸರಿದಿರುತ್ತದೆ. ಹಾಗಾಗಿ ಒಂದೂವರೆ ಗಂಟೆಗೊಂದು ಸುತ್ತು.

ಯಾರ ಮಾತನ್ನೂ ನಂಬಬೇಕಿಲ್ಲ, ನಿಮ್ಮ ಮಾಳಿಗೆಯ ಡಿಶ್ ನೋಡಿ. ಒಮ್ಮೆ ಕೂರಿಸಿದರೆ ವರ್ಷಗಟ್ಟಲೆ ತಿರುಗಿಸುವುದಿಲ್ಲ. ಅದು ನೋಡುತ್ತಿರುವ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತದೆ. ಗಾಳಿಗೆ ಅಲೆಯುವ ಬಲೂನಾಗಿದ್ದರೆ ದಿನವೂ ಡಿಶ್ ತಿರುಗಿಸುತ್ತಾ ಕೂರಬೇಕಿತ್ತು.

ಇದು ಬರೀ ಕಟ್ಟೆ ಪುರಾಣವಲ್ಲ. ಹವಾಮಾನ ಇಲಾಖೆಯ ಮೋಡದ ಚಿತ್ರ ಬರುವುದು ಇನ್ಸಾಟ್ ಉಪಗ್ರಹಗಳಿಂದ. "ಎಲ್ಲಾ ಸುಳ್ಳು" ಅಂದುಕೊಂಡವನು ಮಳೆ ಎಚ್ಚರಿಕೆಯನ್ನೂ ಅಳಿಸಿಹಾಕುತ್ತಾನೆ. ಕಣದಲ್ಲಿ ರಾಶಿ ಹಾಕಿದ ತೊಗರಿ ನೆನೆದ ಮೇಲೆ ವಾದ ಗೆದ್ದು ಏನು ಬಂತು?

ಆಕಾಶ ತಿಳಿಯಾಗಿದ್ದ ಸಂಜೆ, ನಿಲ್ದಾಣ ಹಾದುಹೋಗುವ ಹೊತ್ತನ್ನು ಫೋನಿನಲ್ಲಿ ಹುಡುಕಿ ಅಂಗಳಕ್ಕೆ ಬನ್ನಿ. ಮಿನುಗದ ಬಿಳಿ ಚುಕ್ಕೆಯೊಂದು ಪಡುವಣದಿಂದ ಎದ್ದು ಐದಾರು ನಿಮಿಷದಲ್ಲಿ ಮೂಡಣಕ್ಕೆ ದಾಟುತ್ತದೆ. ಅಷ್ಟು ಬೇಗ ಯಾವ ಬಲೂನೂ ಹೋಗಲಾರದು. ಮಕ್ಕಳನ್ನೂ ಕರೆಯಿರಿ.