ಆಪತ್ಕಾಲದ ಸ್ತುತಿ

ಸಂಪತ್ತಿನ ದಿನಗಳಲ್ಲಿ ದೇವರನ್ನು ಕೊಂಡಾಡುವುದು ಸುಲಭ. ಆಪತ್ತಿನಲ್ಲಿಯೂ ಬಾಯಿಂದ ಸ್ತುತಿ ಹೊರಡಬೇಕಾದರೆ ಹೃದಯವು ಮೊದಲೇ ಪಳಗಿರಬೇಕು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಶಾಂತಿ, ಕೃತಜ್ಞತೆ, ಕೀರ್ತನೆ ಇವು ಮೂರನ್ನೂ ಒಂದೇ ಸೂತ್ರದಲ್ಲಿ ಪೋಣಿಸಿರುವುದರ ಮರ್ಮವೂ ಇದೇ ಆಗಿರಬೇಕು.

ಜರ್ಮನಿಯ ಸ್ಯಾಕ್ಸನಿ ಸೀಮೆಯಲ್ಲಿ ಐಲೆನ್‌ಬುರ್ಗ್ ಎಂಬ ಪಟ್ಟಣವುಂಟು. ಮಾರ್ಟಿನ್ ರಿಂಕಾರ್ಟನೆಂಬ ಪಾದ್ರಿಯು 1617ರಲ್ಲಿ ಅಲ್ಲಿಯ ದೇವಸೇವೆಗೆ ನಿಂತನು. ಮರುವರ್ಷವೇ ಮೂವತ್ತು ವರ್ಷಗಳ ಯುದ್ಧವು ಮೊದಲಾಯಿತು. ನಿರಾಶ್ರಿತರು ಕೋಟೆಗೋಡೆಯುಳ್ಳ ಆ ಪಟ್ಟಣವನ್ನು ಬಂದು ಸೇರಿದರು. ಹೀಗೆ ಕಿಕ್ಕಿರಿದಿದ್ದ ಊರನ್ನು 1637ರಲ್ಲಿ ಮಹಾಮಾರಿಯು ಹೊಕ್ಕಿತು. ಉಳಿದ ಪಾದ್ರಿಗಳಲ್ಲಿ ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ರಿಂಕಾರ್ಟನೊಬ್ಬನೇ 4,000ಕ್ಕೂ ಮಿಕ್ಕ ಶವಗಳಿಗೆ ಅಂತ್ಯಪ್ರಾರ್ಥನೆ ಹೇಳಿದನು. ಅವನ ಹೆಂಡತಿಯೂ ಆ ವರ್ಷವೇ ತೀರಿಕೊಂಡಳು. ಮಾರಿಯ ಬೆನ್ನಿಗೇ ಕ್ಷಾಮವು ಬಂದಾಗ ಅವನು ಮನೆಯಲ್ಲಿದ್ದುದನ್ನು ಹಸಿದವರಿಗೆ ಹಂಚಿದನು.

ಸರ್ವರೂ ದೇವರಿಗೆ ವಂದನೆ ಸಲ್ಲಿಸಿರೆಂದು ಕರೆಯುವ ಪ್ರಸಿದ್ಧ ಜರ್ಮನ್ ಕೀರ್ತನೆಯನ್ನು ರಚಿಸಿದವನು ಈತನೇ. ಮನೆಮಂದಿಯು ಊಟದ ವೇಳೆಯಲ್ಲಿ ಹಾಡಲೆಂದು ಅದನ್ನು ಕಟ್ಟಿದನೆಂದು ಹೇಳುವರು. ಅದರ ಎರಡನೆಯ ಚರಣವು ಬೇಡುವುದು ಹರ್ಷದ ಹೃದಯವನ್ನು ಮತ್ತು ಶಾಂತಿಯನ್ನು. ಊರ ಹೊರಗೆ ದಂಡು, ಒಳಗೆ ಮರಣ. ಇಂತಹ ಕಾಲದಲ್ಲಿ ಆ ಬೇಡಿಕೆಯ ತೂಕವೆಷ್ಟೆಂಬುದನ್ನು ಓದುಗರೇ ಊಹಿಸಬಹುದು.

ಯುದ್ಧವು 1648ರಲ್ಲಿ ಮುಗಿಯಿತು. ಮರುವರ್ಷ ರಿಂಕಾರ್ಟನು ಮಡಿದನು. ಅವನು ಕಂಡ ಲೋಕಶಾಂತಿಯು ಅಷ್ಟು ಅಲ್ಪಕಾಲದ್ದು. ಆದರೆ ದಿನದಿನದ ಅನ್ನಕ್ಕೆ ವಂದಿಸಲು ಕಲಿತ ನಾಲಗೆಯು ಸಮಾಧಿಯ ಬಳಿಯಲ್ಲಿಯೂ ಸೋಲಲಿಲ್ಲ. ಭಕ್ತಿಯು ಬಾಳಾಗುವುದೆಂದರೆ ಇದು.