ದ್ರಾಕ್ಷಿ ಹೋಯ್ತು, ಕಾಲುವೆ ಉಳೀತು

ಹೊಸಪೇಟೆ ಟ್ರಿಪ್‌ಗೆ ಗೆಳೆಯರದ್ದು ಒಂದೇ ಡಿಮ್ಯಾಂಡು: ಕೆರೆ ದಂಡೆ, ಕೈಲಿ ವೈನು. ಬೆಳಿಗ್ಗೆ ಸಂಡೂರಿನ ನಾರಿಹಳ್ಳ ಜಲಾಶಯ, ಮಧ್ಯಾಹ್ನ ಕಮಲಾಪುರದ ಕೆರೆ ಆಯ್ತು. ದ್ರಾಕ್ಷಿತೋಟ ಮಾತ್ರ ಕಣ್ಣಿಗೆ ಬೀಳಲಿಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್, ಪೇಟೆಯಲ್ಲಿ ದ್ರಾಕ್ಷಿ ಮಾರುತ್ತಿದ್ದುದನ್ನು ಬರೆದಿದ್ದಾನೆ ಅಂದೆ. "ಹಾಗಾದ್ರೆ ಐನೂರು ವರ್ಷ ಲೇಟಾಗಿ ಬಂದ್ವಿ ಬಿಡು" ಅಂದ ಒಬ್ಬ.

ಹಂಪಿಯ ಪೇಟೆ ಈಗ ಬರೀ ಕಲ್ಲುಕಂಬ. ಆದರೆ ವಿಜಯನಗರದ ಕಾಲದ ತುರ್ತು ಕಾಲುವೆ ಇವತ್ತಿಗೂ ಗದ್ದೆ, ಬಾಳೆತೋಟಕ್ಕೆ ನೀರು ಹಾಯಿಸ್ತಿದೆ. ನಮ್ಮ ಭಾಷೇಲಿ ಹೇಳೋದಾದ್ರೆ ಲೆಗಸಿ ಸಿಸ್ಟಮ್ಮು, ಇನ್ನೂ ಪ್ರೊಡಕ್ಷನ್‌ನಲ್ಲಿದೆ. ಪವಾಡವೇನಲ್ಲ; ತಲೆಮಾರುಗಟ್ಟಲೆ ಯಾರೋ ಹೂಳೆತ್ತಿದ್ದಾರೆ, ತೂಬು ಕಾದಿದ್ದಾರೆ.

2024ರ ಆಗಸ್ಟ್‌ನಲ್ಲಿ ಚೈನ್ ತುಂಡಾಗಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕಂಪ್ಲಿಯ ಭತ್ತದ ರೈತರವರೆಗೂ ಎಲ್ಲರಿಗೂ ದಿಗಿಲು. ಹರಿಯೋ ನೀರಲ್ಲೇ ತಾತ್ಕಾಲಿಕ ಗೇಟು ಕೂರಿಸಬೇಕಾಯ್ತು. ಹೊಸದು ಕಟ್ಟೋರಿಗೆ ಚಪ್ಪಾಳೆ ಸಿಗುತ್ತೆ. ಊರಿಗೆ ಅನ್ನ ಹಾಕೋದು ಮಾತ್ರ ಇದ್ದದ್ದನ್ನ ಕಾಯೋರು.