ಸುರುಳಿಯಿಂದ ಮೂಡುವ ಸ್ನೋ ವೈಟ್

1937ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಕಾರ್ತೇ ಸರ್ಕಲ್ ಚಿತ್ರಮಂದಿರದಲ್ಲಿ ಪ್ರಥಮ ಪ್ರದರ್ಶನ ಕಂಡ ಡಿಸ್ನಿಯವರ 'ಸ್ನೋ ವೈಟ್' ಚಿತ್ರವನ್ನು ಇಂದು ಅಂಗೈಯ ಮೊಬೈಲಿನಲ್ಲಿಯೂ ನೋಡಬಹುದಾದರೂ, ಫಿಲ್ಮಿನ ಸುರುಳಿಯಿಂದ ತೆರೆಯ ಮೇಲೆ ಮೂಡುವಾಗ ಅದರ ಸೊಬಗು ಬೇರೆಯೇ ಎಂಬುದು ನನ್ನ ಭಾವನೆ. ಪಾರದರ್ಶಕ ಹಾಳೆಗಳ ಮೇಲೆ ಕೈಯಾರೆ ರೇಖೆಯೆಳೆದು, ಅವುಗಳ ಬೆನ್ನಿಗೆ ಬಣ್ಣ ತುಂಬಿದವರು ಬಹುಮಟ್ಟಿಗೆ ಸ್ತ್ರೀಯರೇ. ಆ ಆಕೃತಿಗಳನ್ನು ಜಲವರ್ಣದ ಹಿನ್ನೆಲೆಯ ಮೇಲಿರಿಸಿ, ಕೆಂಪು, ಹಸುರು, ನೀಲಿ ಫಿಲ್ಟರುಗಳ ಮೂಲಕ ಪ್ರತಿಯೊಂದು ಚೌಕಟ್ಟನ್ನೂ ಮೂರು ಮೂರು ಬಾರಿ ಸೆರೆಹಿಡಿದುದರ ಫಲವೇ ಆ ಟೆಕ್ನಿಕಲರ್ ವರ್ಣವೈಭವ. ಸೆಕೆಂಡಿಗೆ 24 ಚೌಕಟ್ಟುಗಳು ದೀಪದ ಮುಂದೆ ಒಂದೊಂದಾಗಿ ನಿಂತು ಸರಿಯುವಾಗ, ನಡುನಡುವೆ ಷಟರು ಬೆಳಕನ್ನು ತಡೆಯುವುದರಿಂದ, ಪ್ರದರ್ಶನದ ಗಣನೀಯ ಭಾಗದಲ್ಲಿ ತೆರೆಯು ವಾಸ್ತವವಾಗಿ ಕತ್ತಲಾಗಿಯೇ ಇರುತ್ತದೆ. ಆ ಕತ್ತಲನ್ನು ದಾಟಿ ನಿಶ್ಚಲ ಚಿತ್ರಗಳಿಗೆ ಚಲನೆಯನ್ನು ಕೊಡುವ ಕಾರ್ಯದಲ್ಲಿ ಪ್ರೇಕ್ಷಕನ ಮನಸ್ಸೂ ಪಾಲುಗೊಳ್ಳುತ್ತದೆ.

1993ರಲ್ಲಿ ಈ ಚಿತ್ರವನ್ನು ಸಂಪೂರ್ಣವಾಗಿ ಗಣಕಕ್ಕಿಳಿಸಿ, ಧೂಳು ಗೀರುಗಳನ್ನು ತೊಡೆದು, ಪುನಃ ಫಿಲ್ಮಿಗೆ ಏರಿಸಿದರು. ಆ ಉಪಕಾರ ಸಣ್ಣದಲ್ಲ. ಆದರೆ ಅಂದಿನ ನೈಟ್ರೇಟ್ ಫಿಲ್ಮು ಬೆಂಕಿಗೆ ಬಲುಬೇಗ ತುತ್ತಾಗುವ ಪದಾರ್ಥವಾದುದರಿಂದ, ಅದನ್ನು ಪ್ರದರ್ಶಿಸಲು ತಕ್ಕ ಏರ್ಪಾಡುಳ್ಳ ಚಿತ್ರಮಂದಿರಗಳು ಜಗತ್ತಿನಲ್ಲಿ ಕೆಲವೇ ಉಳಿದಿವೆ. ಆದಕಾರಣ, ಯಾವುದೇ ಹಳೆಯ ವ್ಯಂಗ್ಯಚಲನಚಿತ್ರದ ಫಿಲ್ಮ್ ಪ್ರತಿಯು ನಿಮ್ಮ ಸಮೀಪದಲ್ಲಿ ಪ್ರದರ್ಶಿತವಾಗುವುದೆಂದು ತಿಳಿದರೆ, ಗೀರುಗಳಿಗೆ ಹಿಂಜರಿಯದೆ, ಮಕ್ಕಳನ್ನೂ ಕರೆದುಕೊಂಡು ಹೋಗಿ ಒಮ್ಮೆ ನೋಡಿರಿ.